ದಿವೇಕರ್: ಊರ ಹೆಸರು ಹೊತ್ತ ಯಹೂದಿ ಮನೆತನ

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳ ಅಡ್ಡಹೆಸರುಗಳಲ್ಲಿ ದಿವೇಕರ್ ಒಂದು. ಊರಿನ ಹೆಸರಿಗೆ ‘ಕರ್’ ಎಂಬ ಮರಾಠಿ ಪ್ರತ್ಯಯ ಸೇರಿಸಿ ಮನೆತನವನ್ನು ಗುರುತಿಸುವುದು ಅಲ್ಲಿನ ವಾಡಿಕೆ. ಪೆಣ್ ಊರಿನವರು ಪೆಣ್‌ಕರ್, ರೋಹಾದವರು ರೋಹೇಕರ್ ಆದಂತೆ, ದಿವೆಯವರು ದಿವೇಕರ್ ಆದರು. ಈ ಹೆಸರು ಹಿಂದೂಗಳಲ್ಲಿಯೂ ಉಂಟು. ಅದು ತಿಳಿಸುವುದು ಊರನ್ನೇ ಹೊರತು ಮತವನ್ನಲ್ಲ.

ಹಡಗು ಒಡೆದಾಗ ಬದುಕುಳಿದು ದಡ ಸೇರಿದ ಏಳು ಜೋಡಿಗಳೇ ತಮ್ಮ ಪೂರ್ವಜರೆಂದು ಬೆನೆ ಇಸ್ರೇಲರು ನಂಬುತ್ತಾರೆ. ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು.

ಈ ಮನೆತನದ ಪ್ರಸಿದ್ಧ ಪುರುಷ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಮರಾಠಿಯಲ್ಲಿ ಅವರು ಸಾಮಾಜಿ ಹಸಾಜಿ. ಕಂಪನಿ ಸೈನ್ಯದಲ್ಲಿದ್ದ ಅವರು ಎರಡನೆಯ ಮೈಸೂರು ಯುದ್ಧದಲ್ಲಿ (1780-84) ಟಿಪ್ಪು ಸುಲ್ತಾನನಿಗೆ ಸೆರೆಯಾದರು. ‘ಬನಿ ಇಸ್ರೇಲ್’ ಎಂಬ ಹೆಸರನ್ನು ಕುರಾನಿನಿಂದ ಬಲ್ಲ ಟಿಪ್ಪುವಿನ ತಾಯಿಯೇ ಅವರ ಪ್ರಾಣ ಉಳಿಸಿದಳೆಂಬುದು ಸಮುದಾಯದಲ್ಲಿ ಪ್ರಚಲಿತವಾದ ಐತಿಹ್ಯ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದರು. ಅದರ ಹೆಸರು ‘ಕರುಣೆಯ ದ್ವಾರ’. ಅದಿರುವ ಬೀದಿ ಸ್ಯಾಮ್ಯುಯೆಲ್ ಸ್ಟ್ರೀಟ್.

1948ರ ನಂತರ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರು. ಅಲ್ಲಿ ವಿವಾಹದ ಪ್ರಶ್ನೆ ಬಂದಾಗ ಅವರ ವಂಶಮೂಲವನ್ನೇ ಧರ್ಮಗುರುಗಳು ಶಂಕಿಸಿದರು. ಪ್ರತಿಭಟನೆಗಳ ತರುವಾಯ, 1964ರಲ್ಲಿ ಅವರು ಎಲ್ಲ ವಿಧದಲ್ಲಿಯೂ ಯಹೂದಿಗಳೆಂದು ಸರ್ಕಾರ ಸಾರಿತು. ಕೊಂಕಣದ ನೆರೆಯವರು ಶನಿವಾರದ ಗಾಣ ನೋಡಿಯೇ ಒಪ್ಪಿದ್ದ ಗುರುತನ್ನು ಅವರು ಅಲ್ಲಿ ಹೋರಾಡಿ ಪಡೆಯಬೇಕಾಯಿತು.