ಚಾರ್ಜ್ ಪಟ್ಟಿಗೆ ಸೇರದ ಫೋಲ್ಡರ್: ಶಾಲೆಯ ಸರ್ವರ್‌ನ ಒಂದು ಚಿಕ್ಕ ಚರಿತ್ರೆ

ಇವತ್ತು ರಾಜರ ಚರಿತ್ರೆ ಬೇಡ. ಒಂದು ಫೋಲ್ಡರ್‌ನ ಚರಿತ್ರೆ ಹೇಳ್ತೀನಿ.

ನಮ್ಮದು ಚುಂಚನಕಟ್ಟೆ ಕಡೆ. ಅಲ್ಲಿ ಜನವರಿಯ ದನಗಳ ಜಾತ್ರೆ ಮುಗೀತು ಅಂದ್ರೆ ಹತ್ತನೇ ತರಗತಿಯವರಿಗೆ ಪರೀಕ್ಷೆಯ ಭಯ ಶುರು. ನಮಗೂ ಹಾಗೇ ಆಗಿತ್ತು. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಯಂತ್ರಕ್ಕೆ ‘ಸರ್ವರ್’ ಅಂತ ಹೆಸರು. ಉಳಿದವು ಕೇಬಲ್ ಮೂಲಕ ಅದಕ್ಕೆ ಸೇರಿದ್ದವು. ಮೇಷ್ಟ್ರು ಅದರಲ್ಲಿಟ್ಟ ನೋಟ್ಸ್, ಹಳೇ ಪ್ರಶ್ನೆಪತ್ರಿಕೆಗಳನ್ನು ಯಾವ ಕಂಪ್ಯೂಟರ್‌ನಿಂದಾದರೂ ತೆರೆಯಬಹುದಿತ್ತು. ಆದರೆ ಒಳಗೆ ಹೋದರೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ ಎರಡು’, ‘ನ್ಯೂ ಫೋಲ್ಡರ್ ಮೂರು’! ಆ ವರ್ಷ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿತ್ತು. ಯಾವುದು ಎಲ್ಲಿದೆ ಅಂತ ಗೊತ್ತಿದ್ದವರು ಅವರೊಬ್ಬರೇ.

ಹುಡುಕೋಣ ಅಂದ್ರೆ ಇನ್ನೊಂದು ತೊಡಕು. ‘ವಿಜ್ಞಾನ’ವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ‘ಜ್ಞ’ಕ್ಕೆ ಒಬ್ಬರು ಜಿ-ಎನ್ ಹಾಕ್ತಾರೆ, ಒಬ್ಬರು ಜೆ-ಎನ್, ಮತ್ತೊಬ್ಬರು ಜಿ-ವೈ. ಕೊನೆಗೆ ಒಂದು ಕಡತ ಸಿಕ್ಕಿತು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಆಗ ಬಳಕೆಯಲ್ಲಿದ್ದ ನುಡಿ, ಬರಹದಂಥ ತಂತ್ರಾಂಶಗಳ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡವೇ ಮಾಯ. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು ನಿಜ, ಆದರೆ ಶಾಲೆಗಳಿಗೆ ಅದು ತಲುಪಲು ಬಹಳ ವರ್ಷ ಹಿಡಿಯಿತು. ನಾನು ಗೆಳೆಯನ ನೋಟ್‌ಬುಕ್ ನಕಲು ಮಾಡಿಕೊಂಡು ಪರೀಕ್ಷೆ ಬರೆದೆ.

ಈಗ ರಾಜ್ಯದ ಕಡೆ ನೋಡೋಣ. 2000ದ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆ 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಒಯ್ಯಲು ಹೊರಟಿತು. ಕಲಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆ ಅಂದಮೇಲೆ ಅದಕ್ಕೊಂದು ಅವಧಿ ಇದ್ದೇ ಇರುತ್ತೆ. ಯಂತ್ರ ಶಾಲೆಯಲ್ಲೇ ಉಳಿದರೂ, ಅದನ್ನು ಬಲ್ಲವರು ಉಳಿಯಬೇಕೆಂದಿಲ್ಲ.

ಮುಂದಿನ ದಶಕದಲ್ಲಿ ಬೇರೆ ದಾರಿಯೂ ಕಂಡಿತು. ಡಿಎಸ್‌ಇಆರ್‌ಟಿ ಜೊತೆ ಸೇರಿ ‘ಐಟಿ ಫಾರ್ ಚೇಂಜ್’ ಸಂಸ್ಥೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಕಟ್ಟಿತು. ಅದು ವಿಕಿಪೀಡಿಯದ ತಂತ್ರಾಂಶದ ಮೇಲೆಯೇ ನಿಂತದ್ದು. ಪುಟಗಳು ವಿಷಯವಾರು, ಪಾಠವಾರು. ಯಾರು ಯಾವಾಗ ಏನು ಬದಲಿಸಿದರು ಅನ್ನೋದು ದಾಖಲಾಗುತ್ತೆ, ಒಬ್ಬರು ಅಳಿಸಿದರೆ ಹಳೆಯದನ್ನು ಮರಳಿ ತರಬಹುದು. ಮುಖ್ಯವಾಗಿ, ಬರೆದದ್ದು ಮೇಷ್ಟ್ರುಗಳೇ. 2017ರ ಶಿಕ್ಷಕರ ದಿನದಂದು ಕೇಂದ್ರದ ‘ದೀಕ್ಷಾ’ ಬಂತು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಆ ಪಾಠದ ಸಾಮಗ್ರಿ ನೇರವಾಗಿ ತೆರೆಯುತ್ತೆ.

ಹಾಗಾದ್ರೆ ಸಮಸ್ಯೆ ಮುಗೀತಾ? ಪಾಠದ ಮಟ್ಟಿಗೆ ಸ್ವಲ್ಪ ಮುಗೀತು. ಆದರೆ ಒಂದೊಂದು ಶಾಲೆಯದೇ ಆದ ಘಟಕ ಪರೀಕ್ಷೆ, ನೋಟ್ಸ್, ಮಕ್ಕಳು ಬರೆದ ಪ್ರಬಂಧ ಯಾವ ಕೇಂದ್ರ ತಾಣದಲ್ಲೂ ಸಿಗಲ್ಲ. ಅವು ಇರೋದು ಅದೇ ಫೋಲ್ಡರ್‌ನಲ್ಲಿ, ಇಲ್ಲಾ ಯಾರದೋ ಪೆನ್‌ಡ್ರೈವ್‌ನಲ್ಲಿ.

ನೋಡಿ, ನಮ್ಮ ಶಾಲೆಗಳಿಗೆ ವ್ಯವಸ್ಥೆ ಗೊತ್ತಿಲ್ಲ ಅನ್ನೋ ಹಾಗಿಲ್ಲ. ಹೆಡ್ ಮೇಷ್ಟ್ರಿಗೆ ವರ್ಗವಾದರೆ ‘ಚಾರ್ಜ್’ ಕೊಡಬೇಕು. ಬೀರುವಿನ ಬೀಗದಕೈ, ದಾಖಲಾತಿ ಪುಸ್ತಕ, ಕುರ್ಚಿ, ಭೂಪಟ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕ್ತಾರೆ. ಆ ಪಟ್ಟಿಯಲ್ಲಿ ನಮ್ಮ ಕಂಪ್ಯೂಟರ್ ಇತ್ತು. ಅದರೊಳಗಿನ ನೋಟ್ಸ್ ಇರಲಿಲ್ಲ.

ಬೇಕಾಗಿರೋದು ದೊಡ್ಡ ತಂತ್ರಜ್ಞಾನ ಅಲ್ಲ. ವರ್ಷ, ತರಗತಿ, ವಿಷಯ, ಪಾಠದ ಸಂಖ್ಯೆ ಇರುವ ಹೆಸರು. ಯೂನಿಕೋಡ್ ಕನ್ನಡ. ಮಕ್ಕಳಿಗೆ ಓದಲು ಮಾತ್ರ, ಮೇಷ್ಟ್ರಿಗೆ ತಿದ್ದಲೂ ಅನುಮತಿ. ಇನ್ನೊಂದು ಕಡೆ ಪ್ರತಿ. ಮತ್ತೆ, ಚಾರ್ಜ್ ಪಟ್ಟಿಯಲ್ಲಿ ಒಂದು ಸಾಲು: ‘ಫೋಲ್ಡರ್ ಒಪ್ಪಿಸಲಾಗಿದೆ.’

ಆ ಒಂದು ಸಾಲು ಇದ್ದಿದ್ದರೆ, ಆ ಮೇಷ್ಟ್ರು ಕೂತು ಟೈಪ್ ಮಾಡಿದ ಪಾಠಗಳು ನಮ್ಮ ನಂತರದ ಮಕ್ಕಳಿಗಾದರೂ ಸಿಗುತ್ತಿದ್ದವು.