ಪರದೆಯ ಹಿಂದೆ ಯಾವ ಮಾತು?



ಮನೆಯಲ್ಲಿ ನಾವು ನೀವೆಲ್ಲ ಕನ್ನಡ ಮಾತಾಡುತ್ತೇವೆ. ಬಾಗಿಲು ದಾಟಿ ಬಸ್ಸು ಹತ್ತಿದರೆ ಇನ್ನೊಂದು ಭಾಷೆ, ಆಫೀಸಿಗೆ ಹೋದರೆ ಮತ್ತೊಂದು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟಮೇಲೆ ಮತ್ತೆ ನಮ್ಮ ಮಾತು. ಮಹಾನಗರದಲ್ಲಿರುವ ನಮ್ಮಂಥವರ ಪಾಡು ಮಾತ್ರ ಹೀಗೆ ಎಂದು ನಿಮಗೆ ಅನ್ನಿಸಿದ್ದರೆ, ಈ ಸಲ ನಾಟಕದವರ ಕಥೆ ಕೇಳಿ. ನೂರಾ ನಲವತ್ತು ವರ್ಷಗಳಿಂದ ಅವರು ಇದೇ ಬಾಳು ಬಾಳುತ್ತಿದ್ದಾರೆ. ಪರದೆಯ ಮುಂದೆ ಒಂದು ಭಾಷೆ, ಪರದೆಯ ಹಿಂದೆ ಇನ್ನೊಂದು.

ಈ ಕಥೆಗಾಗಿ ವಿಜಯವಾಡದಲ್ಲಿ ರೈಲು ಹತ್ತೋಣ. ಅಲ್ಲಿಂದ ವಿಶಾಖಪಟ್ಟಣಕ್ಕೆ ಸುಮಾರು 350 ಕಿಲೋಮೀಟರು. ನಡುವೆ ಗೋದಾವರಿ ಸೇತುವೆ, ಅದು ದಾಟಿದರೆ ರಾಜಮಂಡ್ರಿ. ತೆಲುಗಿನ ಆಧುನಿಕ ರಂಗಭೂಮಿಯ ಚರಿತ್ರೆ ಹೇಳುವವರು ತಪ್ಪದೆ ಇಳಿಯುವ ನಿಲ್ದಾಣ ಅದು.

ಧಾರವಾಡದವರು ಬಿಟ್ಟುಹೋದ ಚಪ್ಪರ

1880ರ ಸುಮಾರಿಗೆ ನಮ್ಮ ಧಾರವಾಡದ ಹೆಸರಿನ ನಾಟಕ ಮಂಡಳಿಯೊಂದು ಆಂಧ್ರದ ಕರಾವಳಿಯಲ್ಲಿ ಕ್ಯಾಂಪು ಹಾಕಿತ್ತು. ಹೊರಟದ್ದು ಧಾರವಾಡದಿಂದ, ಬಂದದ್ದು ತೆಲುಗು ನಾಡಿಗೆ, ಆಡಿದ್ದು ಹಿಂದಿ ನಾಟಕ! ಭಾಷೆ ಪೂರ್ತಿ ಅರ್ಥವಾಗದಿದ್ದರೂ ಜನ ಮುಗಿಬಿದ್ದು ನೋಡಿದರು. ಮಂಡಳಿ ರಾಜಮಂಡ್ರಿಯಿಂದ ಗಂಟುಮೂಟೆ ಕಟ್ಟಿದ ಮೇಲೆ, ಅವರು ಹಾಕಿದ್ದ ಚಪ್ಪರ ಅಲ್ಲೇ ಉಳಿದಿತ್ತು. ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರು ಆ ಚಪ್ಪರದಲ್ಲೇ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತೆಲುಗು ನಾಟಕ ಆಡಿಸಿದರು. ಅವರ ಹುಟ್ಟುಹಬ್ಬವಾದ ಏಪ್ರಿಲ್ 16 ಇಂದು ತೆಲುಗು ರಂಗಭೂಮಿ ದಿನ. ನಮ್ಮ ಊರಿನ ಹೆಸರು ಹೊತ್ತವರು ನೆಟ್ಟ ಗಳುಗಳ ಕೆಳಗೆ ಪಕ್ಕದ ಮನೆಯವರ ರಂಗಭೂಮಿ ಕಣ್ಣು ಬಿಟ್ಟಿತು ಎಂದರೆ ನಮಗೂ ಕೊಂಚ ಹೆಮ್ಮೆ ಅಲ್ಲವೇ?

ರೈಲು ವಿಶಾಖಪಟ್ಟಣ ದಾಟಿ ಇನ್ನೊಂದು ಗಂಟೆ ಓಡಿದರೆ ವಿಜಯನಗರಂ. ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ 1892ರಲ್ಲಿ ಮೊದಲು ರಂಗಕ್ಕೇರಿದ್ದು ಅಲ್ಲಿ. ಹಣಕ್ಕಾಗಿ ಎಳೆಯ ಹೆಣ್ಣುಮಕ್ಕಳನ್ನು ಮುದುಕರಿಗೆ ಕೊಡುತ್ತಿದ್ದ ಪದ್ಧತಿಯನ್ನು ಹಂಗಿಸಿದ ನಾಟಕವಿದು. ಅದಕ್ಕಿಂತ ದೊಡ್ಡ ಸಾಹಸ ಇನ್ನೊಂದಿತ್ತು. ಅದುವರೆಗೆ ಪಾತ್ರಗಳು ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಿದ್ದವು. ವೇಷ ಕಳಚಿದ ಮೇಲೆ ನಟರು ಆಡುತ್ತಿದ್ದುದು ಮನೆಯ ಮಾತು. ಗುರಜಾಡರು ಆ ಮನೆಯ ಮಾತನ್ನೇ ಪರದೆಯ ಮುಂದಕ್ಕೆ ತಂದರು. ಸುಮಾರು ಕಾಲು ಶತಮಾನದ ನಂತರ ಕನ್ನಡದಲ್ಲಿ ಇದೇ ಕೆಲಸ ಮಾಡಿದವರು ನಮ್ಮ ಟಿ.ಪಿ. ಕೈಲಾಸಂ. ಅವರ ಪಾತ್ರಗಳ ಇಂಗ್ಲಿಷ್ ಬೆರೆತ ಕನ್ನಡ ಕೇಳಿ ನಕ್ಕವರು, ತಾವು ದಿನವೂ ಆಡುವುದೇ ಅದು ಎಂದು ಆಮೇಲೆ ಕಂಡುಕೊಂಡರು.

ಬಳ್ಳಾರಿಯ ವಕೀಲರು

ಇಷ್ಟು ಹೇಳಿ ಬಳ್ಳಾರಿಯನ್ನು ಬಿಟ್ಟರೆ ತಪ್ಪಾದೀತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಕನ್ನಡ, ತೆಲುಗು ಒಂದೇ ಜಗಲಿಯ ಮೇಲೆ ಕೂತು ಹರಟುತ್ತಿದ್ದವು. ತೆಲುಗರು ‘ಆಂಧ್ರ ನಾಟಕ ಪಿತಾಮಹ’ ಎಂದು ಕರೆಯುವ ಧರ್ಮವರಂ ಕೃಷ್ಣಮಾಚಾರ್ಯರು ವಕೀಲಿಕೆ ಮಾಡಿ ನಾಟಕ ಕಟ್ಟಿದ್ದು ಬಳ್ಳಾರಿಯಲ್ಲಿ. ಅವರ ಸೋದರಳಿಯನೇ ಬಳ್ಳಾರಿ ರಾಘವ (1880–1946). ಇವರೂ ವಕೀಲರೇ.

ಕೂಗಿ ಹಾಡುವುದೇ ಅಭಿನಯ ಎಂದಿದ್ದ ಕಾಲದಲ್ಲಿ ರಾಘವ ಸಹಜವಾಗಿ ಮಾತಾಡುವುದನ್ನು ಅಭಿನಯ ಮಾಡಿದರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು ಹಟ ಹಿಡಿದರು. 1928ರಲ್ಲಿ ಯೂರೋಪಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು. ಮರುವರ್ಷ ವಿಜಯವಾಡದ ಹತ್ತಿರದ ತೆನಾಲಿಯಲ್ಲಿ ಆಂಧ್ರ ನಾಟಕ ಕಲಾ ಪರಿಷತ್ತು ಹುಟ್ಟಿದಾಗ ಅದರ ಹಿಂದೆ ನಿಂತವರಲ್ಲಿ ಅವರೂ ಒಬ್ಬರು. ರಾಘವ ಕನ್ನಡದವರೋ ತೆಲುಗಿನವರೋ ಎಂದು ಇಂದು ನಾವು ಜಗಳ ಕಾಯಬಹುದು. ಅವರ ಕಾಲದ ಬಳ್ಳಾರಿಯ ಬಣ್ಣದ ಕೋಣೆಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡೀತು.

ಒಂದು ಕುಟುಂಬ, ಒಂದು ಕಂಪನಿ

ಈಗ ನಿಜವಾದ ವೃತ್ತಿ ಕಂಪನಿಗೆ ಬರೋಣ. ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಮರುವರ್ಷ, 1885ರಲ್ಲಿ, ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ ಒಂದು ಮದುವೆ. ವನಾರಸ ಮನೆತನದವರು ಅಲ್ಲಿ ‘ಕೀಚಕ ವಧೆ’ ಆಡಿದರು. ಅದುವರೆಗೆ ಅವರು ತೊಗಲುಗೊಂಬೆ ಆಡಿಸುವವರು. ಗೊಂಬೆ ಕೆಳಗಿಟ್ಟು ತಾವೇ ಬಣ್ಣ ಹಚ್ಚಿಕೊಂಡರು. ವನಾರಸ ಗೋವಿಂದರಾವ್ ಅವರಿಂದ ಬೆಳೆದ ಆ ಕಂಪನಿಗೆ ಹಳ್ಳಿಯ ಹೆಸರೇ ನಿಂತಿತು. ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಬೇರೆ ಬೇರೆ ತಂಡ ಕಟ್ಟಿದರು. ಒಂದು ಕಾಲಕ್ಕೆ ಹತ್ತಾರು ಸುರಭಿ ತಂಡಗಳು ಊರೂರು ತಿರುಗುತ್ತಿದ್ದವು.

ಕೇಳುಗರೇ, ಸ್ವಾರಸ್ಯ ಇಲ್ಲಿದೆ. ಸುರಭಿಯವರ ಪೂರ್ವಿಕರು ಮರಾಠಿ ಸೀಮೆಯಿಂದ ಬಂದವರು. ರಂಗದ ಮೇಲೆ ಶುದ್ಧ ತೆಲುಗು. ಹಲವು ಕುಟುಂಬಗಳಲ್ಲಿ ಮನೆಮಾತು ಮಾತ್ರ ಮರಾಠಿಯ ಒಂದು ಬಗೆ. ನಮ್ಮಲ್ಲೂ ಕನ್ನಡದಲ್ಲಿ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿಯ ಒಂದು ರೂಪವನ್ನೇ ಆಡುತ್ತಾರಲ್ಲ, ಹಾಗೆ.

ಆ ಮನೆಮಾತಿಗೆ ಪರದೆಯ ಹಿಂದೆ ಎಷ್ಟು ಕೆಲಸ ಗೊತ್ತೇ? ಸುರಭಿಯ ‘ಮಾಯಾಬಜಾರ್’ನಲ್ಲಿ ಭಕ್ಷ್ಯಗಳು ತಾವಾಗಿ ಹಾರಿ ಘಟೋತ್ಕಚನ ಬಾಯಿಗೆ ಬೀಳುತ್ತವೆ. ಬಾಣಕ್ಕೆ ಬಾಣ ಬಡಿದು ಕಿಡಿ ಹಾರುತ್ತದೆ. ನಾರದರು ಮೇಲಿನಿಂದ ಇಳಿಯುತ್ತಾರೆ. ಇದೆಲ್ಲ ದಾರ, ಹಗ್ಗ, ರಾಟೆಗಳ ಆಟ. ಒಂದು ದೃಶ್ಯದಲ್ಲಿ ರಾಜನಾದವನು ಮುಂದಿನ ದೃಶ್ಯದಲ್ಲಿ ಕಿರೀಟ ತೆಗೆದಿಟ್ಟು ಹಗ್ಗ ಎಳೆಯುತ್ತಾನೆ. ಅತ್ತೆ ಸೊಸೆಗೆ ಸೀರೆಯ ನೆರಿಗೆ ಸರಿಮಾಡುತ್ತಾಳೆ. ತೊಟ್ಟಿಲ ಮಗು ಬಾಲಕೃಷ್ಣನಾಗಲು ಸಿದ್ಧವಾಗಿರುತ್ತದೆ. ಹೊರಗಿನವರು ‘ನಾಟಕದ ತಯಾರಿ’ ಎನ್ನುವುದು ಅಲ್ಲಿ ಸಂಸಾರದ ಮಾತುಕತೆ. ಹಗ್ಗ ಎಷ್ಟು ಸಡಿಲ ಬಿಡಬೇಕು ಎಂಬುದನ್ನು ಅಪ್ಪ ಮಗನಿಗೆ ಬರೆದುಕೊಡುವುದಿಲ್ಲ; ಕೈ ಹಿಡಿದು ಹೇಳಿಕೊಡುತ್ತಾನೆ. ಬೇರೆ ಕಡೆ ಗಂಡಸರು ಸೀರೆಯುಟ್ಟು ನಟಿಸುತ್ತಿದ್ದಾಗಲೇ ಇಲ್ಲಿ ಹೆಣ್ಣುಮಕ್ಕಳು ರಂಗದ ಮೇಲಿದ್ದರು. ಕಂಪನಿಯೇ ಮನೆಯಾದ ಮೇಲೆ ಅಡ್ಡಿ ಮಾಡುವವರು ಯಾರು?

ಆದರೆ ಹೊಟ್ಟೆಪಾಡು ನಡೆಯಬೇಕಲ್ಲ. 1932ರಲ್ಲಿ ಬಂದ ಮೊದಲ ತೆಲುಗು ವಾಕ್ಚಿತ್ರ ‘ಭಕ್ತ ಪ್ರಹ್ಲಾದ’ದ ನಾಯಕಿ ಸುರಭಿ ಕಮಲಾಬಾಯಿ, ಇದೇ ಮನೆತನದ ಮಗಳು. ಎರಡು ವರ್ಷದ ನಂತರ ನಮ್ಮ ‘ಸತಿ ಸುಲೋಚನ’ಕ್ಕೂ ನಾಟಕ ಕಂಪನಿಯವರೇ ಬೇಕಾದರು. ಸಿನಿಮಾ ಮೊದಲು ನಟರನ್ನು ಕರೆದೊಯ್ದಿತು, ಆಮೇಲೆ ಪ್ರೇಕ್ಷಕರನ್ನು. ಟೀವಿ ಉಳಿದವರನ್ನೂ ಮನೆಯಲ್ಲಿ ಕೂರಿಸಿತು. ಹತ್ತಾರಿದ್ದ ತಂಡಗಳು ಬೆರಳೆಣಿಕೆಗೆ ಇಳಿದವು.

ಕಾರಂತರು ಹೋದದ್ದು

1990ರ ದಶಕದಲ್ಲಿ ಈ ಮನೆಯ ಬಾಗಿಲಿಗೆ ಒಬ್ಬ ಕನ್ನಡಿಗರು ಹೋದರು. ಅವರು ಬಿ.ವಿ. ಕಾರಂತರು. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ್ದು, ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದ್ದು ನಿಮಗೆ ಗೊತ್ತಿರುವ ಕಥೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಭೋಪಾಲದ ರಂಗಮಂಡಲ, ಮೈಸೂರಿನ ರಂಗಾಯಣ ಎಲ್ಲವನ್ನೂ ಕಂಡಿದ್ದ ಅವರು ಸುರಭಿಯವರೊಂದಿಗೆ ‘ಭೀಷ್ಮ’, ‘ಚಂಡಿಪ್ರಿಯ’ ಮತ್ತು ಬ್ರೆಕ್ಟ್‌ನ ನಾಟಕವೊಂದನ್ನು ಆಧರಿಸಿದ ‘ಬಸ್ತಿ ದೇವತ ಯಾದಮ್ಮ’ ಕಟ್ಟಿದರು. ತಾತನ ಕಾಲದಿಂದ ಬಾಯಿಪಾಠವಾಗಿದ್ದ ನಾಟಕ ಆಡುವವರ ಕೈಗೆ ಹೊಸ ನಾಟಕ ಕೊಡುವುದು ಸುಲಭವಲ್ಲ. ಶಾಲೆಯಲ್ಲಿ ಮಾತ್ರ ಕಲಿತ ನಿರ್ದೇಶಕರಿಗಿಂತ ಕಂಪನಿಯ ಅನ್ನ ಉಂಡವರಿಗೆ ಅಲ್ಲಿನ ಮಾತು ಬೇಗ ತಿಳಿಯುತ್ತದೆ. ಕಾರಂತರು ಉಂಡಿದ್ದರು.

ಆಮೇಲೆ ಒಳ್ಳೆಯ ದಿನಗಳೂ ಬಂದವು. 2013ರಲ್ಲಿ ಸುರಭಿಯ ನಾಗೇಶ್ವರರಾವ್, ಎಲ್ಲರ ಬಾಬ್ಜಿ, ಪದ್ಮಶ್ರೀ ಪಡೆದರು. ಅದೇ ವರ್ಷ ತಂಡ ಫ್ರಾನ್ಸಿಗೆ ಹೋಗಿ ನಾಟಕ ಆಡಿ ಬಂತು. ಬಾಬ್ಜಿ 2022ರಲ್ಲಿ ತೀರಿಕೊಂಡರು. ಹಗ್ಗ ಈಗ ಮುಂದಿನ ತಲೆಮಾರಿನ ಕೈಯಲ್ಲಿದೆ. ಆ ಮಕ್ಕಳಿಗೂ ಕಾಲೇಜಿದೆ, ಕೆಲಸದ ಆಸೆಯಿದೆ. ಎಷ್ಟು ಮಂದಿ ಉಳಿದಾರು ಎಂಬುದೇ ಸುರಭಿಯ ಮುಂದಿರುವ ಪ್ರಶ್ನೆ.

ನಮ್ಮ ಮುಂದಿರುವುದೂ ಅದೇ ಅಲ್ಲವೇ? ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಗು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟಾಗ ಮನಸ್ಸು ಸಣ್ಣಗೆ ಚುರ್ ಎನ್ನುತ್ತದೆ. ಹೊರಗೆ ಯಾವ ಭಾಷೆಯ ಪಾತ್ರವನ್ನಾದರೂ ಮಾಡಲಿ, ಚೆನ್ನಾಗಿಯೇ ಮಾಡಲಿ. ಒಳಗೆ ಕೈ ಹಿಡಿದು ಹೇಳಿಕೊಡುವ ಮಾತೊಂದು ಉಳಿದಿರಬೇಕು. ಸುರಭಿಯವರನ್ನು ಇಷ್ಟು ಕಾಲ ಕಾಪಾಡಿದ್ದು ಅದೇ.

ವಿಜಯವಾಡಕ್ಕೋ ವಿಶಾಖಪಟ್ಟಣಕ್ಕೋ ಹೋದಾಗ ಸುರಭಿಯ ನಾಟಕವಿದ್ದರೆ ಟಿಕೆಟ್ ಕೊಂಡು ನೋಡಿ. ಮುಗಿದ ಮೇಲೆ ಕೇಳಿಕೊಂಡು ಒಮ್ಮೆ ಪರದೆಯ ಹಿಂದೆ ಹೋಗಿ ಬನ್ನಿ. ಜೊತೆಗೆ ಮಕ್ಕಳನ್ನೂ ಕರೆದೊಯ್ಯಿರಿ.