ವಸ್ತಾದನೂ ತಂದೆಯೂ

ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ, ಅತ್ತ ಕೊಲ್ಲಾಪುರದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನವನ್ನು ನಿರ್ಮಿಸಿ ಮಲ್ಲವಿದ್ಯೆಗೆ ರಾಜಾಶ್ರಯದ ಮೆರುಗನ್ನಿತ್ತ ದಿನಗಳಲ್ಲಿ, ಗದಗ-ಬೆಟಗೇರಿಯಿಂದ ಮುಂಡರಗಿಯವರೆಗಿನ ಈ ಸೀಮೆಗೂ ಕುಸ್ತಿಯ ಹುಚ್ಚು ಹರಡಿದ್ದುದಕ್ಕೆ ಆ ಸಂಸ್ಥಾನಗಳ ನಂಟು ಕೆಲಮಟ್ಟಿಗಾದರೂ ಕಾರಣವಾಗಿರಬೇಕೆಂದು ನನಗೆ ತೋರುತ್ತದೆ. ಆದರೆ ಗರಡಿಯ ಚರಿತ್ರೆಯೆಂದರೆ ಗೆದ್ದ ಪೈಲವಾನರ ಚರಿತ್ರೆ ಮಾತ್ರವೆಂದು ತಿಳಿದವರು, ಹುಡುಗನನ್ನು ಅಲ್ಲಿಗೆ ತಂದು ಬಿಟ್ಟ ತಂದೆಯನ್ನು ಮರೆಯುತ್ತಾರೆ.

ತೆಂಗಿನಕಾಯಿ, ಊದಿನಕಡ್ಡಿಗಳೊಡನೆ ಮಗನನ್ನು ಹನುಮಪ್ಪನ ಮುಂದೆ ನಿಲ್ಲಿಸಿ, ಕೆಮ್ಮಣ್ಣನ್ನು ಅವನ ಹಣೆಗೆ ಹಚ್ಚಿಸಿ, “ವಸ್ತಾದರ, ಹುಡುಗನ್ನ ನಿಮ್ಮ ಉಡಿಯಾಗ ಹಾಕೇನ್ರಿ” ಎಂದು ತಂದೆ ನುಡಿದನೆಂದರೆ, ಅಂದಿನಿಂದ ದಂಡ-ಬಸ್ಕಿಗಳ ಲೆಕ್ಕವೂ, ಯಾವ ಪಟ್ಟನ್ನು ಎಂದು ಕಲಿಸಬೇಕೆಂಬ ವಿವೇಚನೆಯೂ, ತಪ್ಪಿದಾಗ ಬೀಳುವ ಏಟೂ ವಸ್ತಾದನವಾಗುತ್ತಿದ್ದವು. ಹಾಗೆಂದು ತಂದೆ ನಿರ್ಲಿಪ್ತನಾಗುತ್ತಿರಲಿಲ್ಲ. ಏಕೆಂದರೆ ಖುರಾಕು ಅವನ ಮನೆಯದು. ಹಾಲು, ತುಪ್ಪ, ಬಾದಾಮಿಗಳಿಗಾಗಿ ಎಮ್ಮೆ ಕಟ್ಟಿದವನು, ಸಾಲ ತೆಗೆದವನು, ಜಾತ್ರೆಯ ಕಣದಲ್ಲಿ ಪಂಚರು ಜೋಡು ಕಟ್ಟುವಾಗ ಬಾಯಿ ಮುಚ್ಚಿ ನಿಲ್ಲುವನೆಂದು ನಿರೀಕ್ಷಿಸುವುದು ಮನುಷ್ಯಸ್ವಭಾವವನ್ನರಿಯದವರ ಮಾತು. “ಜೋಡು ಸಮ ಇಲ್ಲ, ಅಂವ ತೂಕದಾಗ ಹೆಚ್ಚದಾನ” ಎಂದು ಕೂಗುವ ತಂದೆಯೂ, “ಹುಡುಗನ ತಾಕತ್ತು ನಮಗ ಗೊತ್ತದ, ನೀವು ಹಿಂದಕ್ಕ ಸರೀರಿ” ಎನ್ನುವ ವಸ್ತಾದನೂ ಎದುರುಬದುರಾದಾಗ, ನಡುವೆ ಲಂಗೋಟಿ ಬಿಗಿದು ನಿಂತ ಹುಡುಗನನ್ನು ಕೇಳುವವರು ಯಾರೂ ಇರುತ್ತಿರಲಿಲ್ಲ. ವಾದ ತೀರದಿದ್ದರೆ ತಂದೆಯ ಕೊನೆಯ ಅಸ್ತ್ರವೊಂದಿತ್ತು: ಮಗನನ್ನು ಕರೆದುಕೊಂಡು ಬೇರೊಂದು ಗರಡಿಗೆ ಹೋಗುವುದು. ಒಟ್ಟಿನಲ್ಲಿ, ಉಣಿಸುವವನ ಕೈಯಲ್ಲಿಯೇ ಹಕ್ಕಿನ ಒಂದು ಪಾಲು ಉಳಿಯುತ್ತಿತ್ತೆಂದು ಕಾಣುತ್ತದೆ.

ಇದರ ವಿಪರ್ಯಯವನ್ನು ಕಾಣಬಯಸುವವರು ಗದಗಿನಲ್ಲಿಯೇ ವೀರೇಶ್ವರ ಪುಣ್ಯಾಶ್ರಮವನ್ನು ನೋಡಬೇಕು. ವಿದ್ಯೆ ಬೇರೆಯಾದರೂ ಒಪ್ಪಿಸುವ ಪದ್ಧತಿ ಒಂದೇ. ಪಂಚಾಕ್ಷರಿ ಗವಾಯಿಗಳು (1892–1944) ಅಂಧರೂ ಅನಾಥರೂ ಆದ ಬಾಲಕರನ್ನು ಕೂಡಿಸಿಕೊಂಡು ಊರೂರು ಸಂಚರಿಸಿ, ಭಿಕ್ಷೆಯಿಂದ ಅವರಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟವರು. ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು, ಸೋದರಮಾವನ ಮನೆಯಿಂದ ಬಂದು ಅವರ ಉತ್ತರಾಧಿಕಾರಿಗಳಾದರು. ಇಲ್ಲಿ ಅನ್ನವೂ ಗುರುವಿನದೇ ಆದುದರಿಂದ, ರಾಗದ ಆಯ್ಕೆಯನ್ನಾಗಲಿ ಶಿಕ್ಷೆಯನ್ನಾಗಲಿ ಪ್ರಶ್ನಿಸುವುದಕ್ಕೆ ಬಂಧುಗಳಿಗೆ ನೆಲೆಯೇ ಇರಲಿಲ್ಲ.

ಇವೆರಡರ ನಡುವೆ ಸಿಕ್ಕ ತಂದೆಯೊಬ್ಬರಿದ್ದರು: ಗುರುರಾಜ ಜೋಶಿಯವರು, ವೃತ್ತಿಯಿಂದ ಸ್ವತಃ ಶಿಕ್ಷಕರು. ಅವರ ಮಗ ಭೀಮಸೇನ, ಕುರ್ತಕೋಟಿಯ ಚೆನ್ನಪ್ಪನವರಲ್ಲಿ ಮೊದಲ ಪಾಠಗಳನ್ನು ಕಲಿತು, ತೃಪ್ತಿ ಸಾಲದೆ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆಬಿಟ್ಟು ಓಡಿದನು. ದೂರದ ಜಾಲಂಧರದಲ್ಲಿ ಅವನನ್ನು ಪತ್ತೆಹಚ್ಚಿ ಕರೆತಂದ ತಂದೆ ಶಾಲೆಯ ಬೆಂಚಿಗೆ ಕಟ್ಟಿಹಾಕಬಹುದಿತ್ತು; ಹಾಗೆ ಮಾಡದಿದ್ದುದೇ ಅವರ ದೊಡ್ಡತನ. 1936ರಲ್ಲಿ ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದನು. ಅಲ್ಲಿ ಗಾಯನಕ್ಕಿಂತ ಮುಂಚೆ ನೀರಿನ ಕೊಡಗಳನ್ನು ಹೊರುವ ಸೇವೆಯಿತ್ತು. ಓದಿಸಬೇಕೆಂದಿದ್ದ ಮಗ ಗುರುವಿನ ಮನೆಗೆ ನೀರು ಹೊರುವುದನ್ನು ಸಹಿಸಿದ ಶಿಕ್ಷಕ-ತಂದೆಯ ಮನಸ್ಸನ್ನು ನಮ್ಮ ಸಂಗೀತ ಚರಿತ್ರಕಾರರು ಅಷ್ಟಾಗಿ ವಿಚಾರಿಸಿಲ್ಲವೆಂಬುದು ನನ್ನ ದೂರು.

ಕ್ರಿಕೆಟ್ಟು ಬಂದಾಗ ಖುರಾಕೂ ಇಲ್ಲ, ಆಶ್ರಮವೂ ಇಲ್ಲ, ದೂರವೊಂದೇ ಉಳಿಯಿತು. 1970ರಲ್ಲಿ ಗದಗಿನಲ್ಲಿ ಹುಟ್ಟಿದ ಸುನೀಲ ಜೋಶಿ, ಬಾಲ್ಯದಲ್ಲಿ ಅರುವತ್ತು ಕಿಲೋಮೀಟರಿಗೆ ಹತ್ತಿರದ ಹುಬ್ಬಳ್ಳಿಗೆ ನಸುಕಿನಲ್ಲಿಯೇ ಹೋಗಿ ಅಭ್ಯಾಸ ಮುಗಿಸಿ ಶಾಲೆಯ ವೇಳೆಗೆ ಮರಳುತ್ತಿದ್ದನೆಂಬುದು ಪ್ರಸಿದ್ಧ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದೆದುರು ಹತ್ತು ಓವರುಗಳಲ್ಲಿ ಕೇವಲ 6 ಓಟಗಳನ್ನಿತ್ತು 5 ಹುದ್ದರಿಗಳನ್ನು ಕಿತ್ತ ಆ ಎಡಗೈ ಸ್ಪಿನ್ನರಿನ ಅಭ್ಯಾಸದ ಮೈದಾನವೇ ಪರ ಊರಿನಲ್ಲಿದ್ದುದರಿಂದ, ಅಂಥ ಹುಡುಗನ ಮನೆಯವರು ಬೆಳಗ್ಗೆ ಎಬ್ಬಿಸಿ ಕಳುಹಿಸುವುದಕ್ಕಿಂತ ಹೆಚ್ಚಿನದೇನನ್ನೂ ಮಾಡುವಂತಿರಲಿಲ್ಲ. ಈಗ ಮೈದಾನ ಊರೊಳಗೇ ಇದೆ, ಶುಲ್ಕವನ್ನು ತಿಂಗಳಿಗೊಮ್ಮೆ ಕಟ್ಟುವ ತಂದೆ ಬೇಲಿಯಾಚೆ ನಿಂತು ಮಗನಿಗೆ ಕೈಸನ್ನೆ ಮಾಡುತ್ತಾನೆ. ತರಬೇತುದಾರನು ಅದನ್ನು ಕಂಡೂ ಕಾಣದಂತಿರುತ್ತಾನೆ.